ಲೆಕ್ಕಕ್ಕೆ ಬಾರದ ಮರಣ

ಸಾಂಕ್ರಾಮಿಕ ಜಾಡ್ಯಗಳು ನಮ್ಮ ನಾಡಿಗೆ ಹೊಸವಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಮನೆಮಠಗಳನ್ನು ತೊರೆದು ಊರಾಚೆ ಗುಡಿಸಲು ಹಾಕಿಕೊಂಡು ಬಾಳಿದ ಕಥೆಯನ್ನು ಹಿರಿಯರ ಬಾಯಿಂದ ಕೇಳಿ ಬೆಳೆದವರು ನಾವು. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಮಿಕ್ಕ ಜನರನ್ನು ಆಹುತಿ ತೆಗೆದುಕೊಂಡಿತು. ಆದರೆ ಆ ಕಾಲಕ್ಕೂ 2020ಕ್ಕೂ ಒಂದು ಭೇದವುಂಟು. ಅಂದು ಆಸ್ಪತ್ರೆಯೆಂಬುದು ಬಹುಮಂದಿಯ ಬಾಳಿನಿಂದ ದೂರವಿದ್ದಿತು. ಇಂದು ಅಸಂಖ್ಯ ಜನರ ಉಸಿರು ವಾರವಾರವೂ ಅದರ ಬಾಗಿಲಿಗೆ ಕಟ್ಟುಬಿದ್ದಿದೆ. ಆ ಬಾಗಿಲು ಮುಚ್ಚಿದರೆ ಏನಾಗುವುದೆಂಬುದನ್ನು ನಾನು ನನ್ನ ಮನೆಯಲ್ಲಿಯೇ ಕಂಡೆ.

ನನ್ನ ಅಣ್ಣ ನಿವೃತ್ತ ಶಾಲಾ ಉಪಾಧ್ಯಾಯ. ಮೂತ್ರಪಿಂಡಗಳು ಸೋತಿದ್ದುವು. ವಾರಕ್ಕೆ ಎರಡು ಸಲ, ಸಲಕ್ಕೆ ನಾಲ್ಕು ಗಂಟೆ, ಡಯಾಲಿಸಿಸ್ ಯಂತ್ರವು ಅವನ ರಕ್ತವನ್ನು ಶುದ್ಧಿಗೊಳಿಸಬೇಕು. ಅವನ ಸರದಿ ಮಂಗಳವಾರ ಮತ್ತು ಶುಕ್ರವಾರ. ಅಲ್ಲಿನ ದಾದಿ ಅವನ ಹಳೆಯ ಶಿಷ್ಯೆ. "ಬನ್ನಿ ಮೇಷ್ಟ್ರೇ, ಇವತ್ತು ಎಷ್ಟು ಲೋಟ ನೀರು ಕುಡಿದಿರಿ, ನಿಜ ಹೇಳಿ" ಎಂದು ಅವಳು ಗದರಿಸುವಳು. "ನಾನು ಪಾಠ ಒಪ್ಪಿಸುವ ಕಾಲ ಬಂತಲ್ಲ ಮಗು" ಎಂದು ಇವನು ನಗುವನು.

2020ರ ಜುಲೈ ತಿಂಗಳಲ್ಲಿ ಆ ಆಸ್ಪತ್ರೆ ಕೊರೋನಾ ರೋಗಿಗಳಿಗೆ ಮೀಸಲಾಯಿತು. ದಾದಿಯನ್ನು ಆ ವಾರ್ಡಿಗೆ ಹಾಕಿದರು. ನಾವು ಹುಡುಕಿಕೊಂಡು ಹೋದ ಮತ್ತೊಂದು ಆಸ್ಪತ್ರೆಯವರು, ಸೋಂಕಿಲ್ಲವೆಂಬ ವರದಿ ತಂದರೆ ಮಾತ್ರ ಪ್ರವೇಶವೆಂದರು. ವರದಿ ಕೈಸೇರುವುದು ನಾಲ್ಕನೆಯ ದಿನ. ಅಷ್ಟರಲ್ಲಿ ಅದು ಹಳೆಯದಾಯಿತು, ಹೊಸದು ಬೇಕು ಎನ್ನುವರು. ಅವರ ಭಯವೂ ಸುಳ್ಳಲ್ಲ: ಒಬ್ಬನಿಗೆ ಸೋಂಕು ತಗಲಿದರೆ ಇಡೀ ಘಟಕವೇ ಮುಚ್ಚಬೇಕು. ಆದರೆ ರಕ್ತದಲ್ಲಿ ಸೇರುವ ವಿಷ ವರದಿಗಾಗಿ ಕಾಯುವುದಿಲ್ಲ. ಮೂರು ಸರದಿ ತಪ್ಪಿದುವು. ಅಣ್ಣನ ಕಾಲು ಬಾತಿತು, ಉಸಿರು ಕಟ್ಟಿತು. ಒಂದು ಬೆಳಗಿನ ಜಾವ ಅವನು ತೀರಿಕೊಂಡ.

ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಒಂದು ಅಂದಾಜನ್ನು ಪ್ರಕಟಿಸಿತು. 2020 ಮತ್ತು 2021ರಲ್ಲಿ ಜಗತ್ತಿನ ದೇಶಗಳು ವರದಿ ಮಾಡಿದ ಕೊರೋನಾ ಸಾವು ಸುಮಾರು 54 ಲಕ್ಷ. ವಾಡಿಕೆಗಿಂತ ಹೆಚ್ಚಾಗಿ ಸಂಭವಿಸಿದ ಸಾವು ಸುಮಾರು 1 ಕೋಟಿ 49 ಲಕ್ಷ. ಈ ಎರಡು ಅಂಕೆಗಳ ನಡುವಣ ಕಂದಕದಲ್ಲಿ ಬರೆಯದೆ ಬಿಟ್ಟ ಕೊರೋನಾ ಸಾವುಗಳಿವೆ. ಸೋಂಕು ತಗಲದೆಯೇ ಚಿಕಿತ್ಸೆ ಸಿಗದೆ ಹೋದ ಹೃದ್ರೋಗಿಗಳು, ಬಸುರಿಯರು, ನನ್ನ ಅಣ್ಣನಂಥವರೂ ಇದ್ದಾರೆ.

ಹಾಗೆಂದು ದಾದಿಯನ್ನು ದೂರಲೇ? ಮೈತುಂಬ ಪ್ಲಾಸ್ಟಿಕ್ ಕವಚ ತೊಟ್ಟು ಆರು ಗಂಟೆ ಹನಿ ನೀರಿಲ್ಲದೆ ದುಡಿದು ಬಂದವಳಿಗೆ ಮನೆಯ ಯಜಮಾನ ಕೋಣೆ ಖಾಲಿಮಾಡೆಂದನಂತೆ. ಮಾರ್ಚ್ 22ರ ಸಂಜೆ ಇಂಥವರಿಗಾಗಿ ನಾವೆಲ್ಲ ಜಗಲಿಯಲ್ಲಿ ನಿಂತು ಚಪ್ಪಾಳೆ ತಟ್ಟಿದ್ದೆವು. ಜುಲೈ ತಿಂಗಳಲ್ಲಿ ಮನೆಮನೆ ಸುತ್ತಿ ಸೋಂಕು ಪತ್ತೆಮಾಡುತ್ತಿದ್ದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿಗಳ ಗೌರವಧನ ಬೇಡಿ ಮುಷ್ಕರ ಹೂಡಬೇಕಾಯಿತು. ಚಪ್ಪಾಳೆಯಿಂದ ಒಲೆ ಉರಿಯುವುದಿಲ್ಲ. ಹೆಚ್ಚು ದಾದಿಯರು, ಹೆಚ್ಚು ಯಂತ್ರಗಳು ಇದ್ದಿದ್ದರೆ ಒಂದು ಜಾಡ್ಯಕ್ಕಾಗಿ ಉಳಿದ ಜಾಡ್ಯಗಳ ಬಾಗಿಲು ಮುಚ್ಚಬೇಕಾಗಿರಲಿಲ್ಲ.

ಅಣ್ಣನ ವೈಕುಂಠ ಸಮಾರಾಧನೆಗೆ ಅವಳು ಬರಲಾಗಲಿಲ್ಲ. ತಿಂಗಳುಗಳ ಬಳಿಕ ಹಳೆಯ ಘಟಕ ಮತ್ತೆ ತೆರೆದಾಗ ಫೋನು ಮಾಡಿದಳು. "ಮಂಗಳವಾರದ ಸಾಲಿನಲ್ಲಿ ಮೇಷ್ಟ್ರ ಹೆಸರು ಹಾಗೇ ಇದೆ. ಹೊಡೆದುಹಾಕೋಕೆ ಕೈ ಬರಲಿಲ್ಲ ಸಾರ್" ಎಂದಳು.

ಯಾವ ಸರ್ಕಾರದ ಪಟ್ಟಿಯಲ್ಲಿಯೂ ಇಲ್ಲದ ಹೆಸರು, ಆ ಒಂದು ಪುಸ್ತಕದಲ್ಲಾದರೂ ಉಳಿಯಿತು.