ಕೋಲ್ಡ್ ಟರ್ಕಿ ಅಂದ್ರೆ ಯಾವ ಕೋಳಿ, ಅಳಿಯಾ?

ವಿಜಯನಗರದ ಪಿ.ಜಿ.ಯಲ್ಲಿದ್ದುಕೊಂಡು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದ ದಿನಗಳವು. ನಮ್ಮ ರೂಮಿನಲ್ಲಿ ಚಟ ಮಾಡುವುದಕ್ಕೆ ಹೆಸರುಗಳಿಗೇನೂ ಬರ ಇರಲಿಲ್ಲ. ಧಮ್ ಹೊಡಿ, ಸುಟ್ಟಾ ಎಳಿ, ಎಣ್ಣೆ ಹಾಕು, ಟೈಟಾಗು... ಬಿಡುವುದಕ್ಕೆ ಮಾತ್ರ ಪದವೇ ಇರಲಿಲ್ಲ. ‘ಬಿಟ್ಬಿಟ್ಟೆ ಮಗಾ’ ಎಂದವನಿಗೆ ‘ಇದು ಎಷ್ಟನೇ ಸಲ?’ ಎಂದು ಕೇಳಿ, ಅವನನ್ನೂ ಟೀ ಅಂಗಡಿಗೆ ಎಳೆದುಕೊಂಡು ಹೋಗುತ್ತಿದ್ದೆವು.

ಎಲ್ಲರೂ ಒಪ್ಪುತ್ತಿದ್ದ ಮಾತು ಒಂದೇ: ‘ಮಾಲೆ ಹಾಕಿದೀನಿ’. ನವೆಂಬರ್‌ನಲ್ಲಿ ಅಯ್ಯಪ್ಪನ ಮಾಲೆ ಧರಿಸಿ 41 ದಿನದ ವ್ರತ ಹಿಡಿದ ರೂಮ್‌ಮೇಟ್‌ನನ್ನು, ನಿನ್ನೆಯವರೆಗೆ ‘ಲೋ’ ಎನ್ನುತ್ತಿದ್ದ ನಾವೇ ‘ಸ್ವಾಮಿ’ ಎಂದು ಕರೆಯತೊಡಗಿದೆವು. ಒತ್ತಾಯ ಇಲ್ಲ, ಗೇಲಿ ಇಲ್ಲ, ಯಾಕೆ ಬಿಟ್ಟೆ ಎಂಬ ಪ್ರಶ್ನೆಯೂ ಇಲ್ಲ. ‘ಶ್ರಾವಣ ಗುರು’ ಎಂದರೂ ಅಷ್ಟೇ ಮರ್ಯಾದೆ. ಆದರೆ ಎರಡಕ್ಕೂ ಮುಗಿಯುವ ದಿನ ಒಂದಿರುತ್ತದೆ. ನಮ್ಮ ಸ್ವಾಮಿ ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಯೇ ನನ್ನ ಹತ್ತಿರ ಬೆಂಕಿಪೊಟ್ಟಣ ಕೇಳಿದ.

ನಾನು ವ್ರತದವನಲ್ಲ. ದಿನಕ್ಕೆ ಹತ್ತು ಸಿಗರೇಟಿನವನು. ಯಾವುದೋ ವಿಡಿಯೊದಲ್ಲಿ ಕೇಳಿದ ಇಂಗ್ಲಿಷ್ ಪದ ಹಿಡಿದುಕೊಂಡೆ: ‘ಕೋಲ್ಡ್ ಟರ್ಕಿ’. ಕಡಿಮೆ ಮಾಡುತ್ತಾ ಬರುವುದಲ್ಲ, ಒಂದೇ ಏಟಿಗೆ ಬಿಡುವುದು. ಈ ಅರ್ಥದಲ್ಲಿ ಅದು 1920ರ ದಶಕದ ಹೊತ್ತಿಗೇ ಉತ್ತರ ಅಮೆರಿಕದ ಪತ್ರಿಕೆಗಳಲ್ಲಿ ಬಳಕೆಗೆ ಬಂದಿತ್ತು. ಹೆರಾಯಿನ್‌ನಂಥ ಮಾದಕ ವಸ್ತು ನಿಲ್ಲಿಸಿದವರಿಗೆ ಚಳಿ ಹತ್ತಿ, ಚರ್ಮವೆಲ್ಲ ಪುಕ್ಕ ಕಿತ್ತ ಕೋಳಿಯಂತೆ ಗುಳ್ಳೆಗುಳ್ಳೆಯಾಗುವುದರಿಂದ ಆ ಹೆಸರು ಎನ್ನುವವರಿದ್ದಾರೆ. ಜಾನ್ ಲೆನನ್ 1969ರಲ್ಲಿ ಇದೇ ಹೆಸರಿನ ಹಾಡನ್ನೂ ಮಾಡಿದ. ಇನ್ನೊಂದು ಮಾತು ‘ಆನ್ ದ ವ್ಯಾಗನ್’. ರಸ್ತೆಯ ಧೂಳು ಅಡಗಿಸಲು ನೀರು ಚಿಮುಕಿಸುತ್ತಿದ್ದ ಅಮೆರಿಕದ ಗಾಡಿಯಿಂದ ಬಂದದ್ದು. ಇನ್ನು ನೀರಷ್ಟೇ, ಹೆಂಡ ಇಲ್ಲ ಎಂದರೆ ಗಾಡಿ ಹತ್ತಿದ ಹಾಗೆ. ಮತ್ತೆ ಕುಡಿದರೆ ಗಾಡಿಯಿಂದ ಬಿದ್ದ ಹಾಗೆ.

ನನ್ನ ಕೋಲ್ಡ್ ಟರ್ಕಿಯ ಮೊದಲ ವಾರ ಕೆಟ್ಟದಾಗಿತ್ತು. ತಲೆನೋವು, ನಿದ್ದೆ ಇಲ್ಲ, ಸಾಂಬಾರು ತೆಳ್ಳಗಿದೆ ಎಂದು ಮೆಸ್ಸಿನವರ ಜೊತೆ ಜಗಳ. ಪುಸ್ತಕ ತೆರೆದರೆ ಅಕ್ಷರ ಹತ್ತುತ್ತಿರಲಿಲ್ಲ. ಆದರೆ ಒಂದು ತಿಂಗಳು ದಾಟಿತು, ಜಂಬವೂ ಬಂತು. ಆ ಜಂಬ ಹೊತ್ತುಕೊಂಡೇ ತಿಪಟೂರಿನ ಹತ್ತಿರದ ನಮ್ಮೂರಿಗೆ ಹೋದೆ.

ಊರಲ್ಲಿ ನಮ್ಮ ಮಾವ ಇದ್ದಾರೆ, ಅಮ್ಮನ ತಮ್ಮ. ಇಪ್ಪತ್ತು ವರ್ಷದಿಂದ ದಿನಾ ಕುಡಿಯುತ್ತಿದ್ದವರು. ಜಗಲಿ ಮೇಲೆ ಕೂತು ನನ್ನ ಸಾಹಸ ಹೇಳಿದೆ.

‘ಅದ್ಯಾವ ಕೋಳಿ, ಅಳಿಯಾ?’ ಎಂದು ನಕ್ಕರು.

‘ಒಂದೇ ಏಟಿಗೆ ಬಿಡಬೇಕು ಮಾವ. ಸ್ವಲ್ಪ ಸ್ವಲ್ಪ ಅಂದ್ರೆ ಆಗಲ್ಲ. ಮನಸ್ಸು ಗಟ್ಟಿ ಇರಬೇಕು ಅಷ್ಟೇ.’

ಮಾವ ಮಾತು ಆಡಲಿಲ್ಲ. ಮರುದಿನದಿಂದ ನಿಲ್ಲಿಸಿದರು. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ನಾನು ಬೆಂಗಳೂರಿಗೆ ವಾಪಸ್ ಬಂದೆ.

ಮೂರನೇ ದಿನ ರಾತ್ರಿ ಅತ್ತೆಯ ಫೋನು. ‘ಕೈ ನಡುಗ್ತಾ ಇದೆ ಕಣಪ್ಪ. ಗೋಡೆ ಮೇಲೆ ಯಾರೋ ಇದಾರೆ ಅಂತಾರೆ. ನನ್ನನ್ನೇ ಗುರುತು ಹಿಡೀತಿಲ್ಲ.’ ಗಾಳಿ ಸೋಕಿದೆ ಎಂದು ಯಾರೋ ಯಂತ್ರ ಕಟ್ಟಿಸಿದ್ದರಂತೆ. ಅಷ್ಟರಲ್ಲಿ ಫಿಟ್ಸ್ ಬಂತು. ಆಟೊದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು.

ಬೆಳಗ್ಗೆ ನಾನು ಹೋದಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ‘ಸಿಗರೇಟು ತಟ್ಟನೆ ಬಿಟ್ಟರೆ ಹಿಂಸೆ ಆಗುತ್ತೆ, ಜೀವಕ್ಕೇನೂ ಆಗಲ್ಲ. ಕುಡಿತ ಹಾಗಲ್ಲ. ವರ್ಷಗಟ್ಟಲೆ ದಿನಾ ಕುಡಿದವರ ಮಿದುಳು ಅದಕ್ಕೇ ಹೊಂದಿಕೊಂಡಿರುತ್ತೆ. ಒಮ್ಮೆಲೇ ತೆಗೆದರೆ ಬ್ರೇಕ್ ತೆಗೆದ ಗಾಡಿ. ಎರಡು-ಮೂರು ದಿನಕ್ಕೆ ಹೀಗಾಗುತ್ತೆ, ಪ್ರಾಣವೂ ಹೋಗಬಹುದು. ಬಿಡಬೇಡಿ ಅಂತಲ್ಲ, ನಮ್ಮ ಹತ್ರ ಬಂದು ಬಿಡಿ. ಔಷಧಿ ಕೊಟ್ಟು ನೋಡಿಕೊಳ್ತೀವಿ.’

‘ಮನಸ್ಸು ಗಟ್ಟಿ ಇರಬೇಕು’ ಎಂದಿದ್ದು ನಾನೇ ಎಂದು ಅವರಿಗೆ ಹೇಳಲು ಬಾಯಿ ಬರಲಿಲ್ಲ. ಅತ್ತೆಗೆ ಮಾತ್ರ ಆಮೇಲೆ ಹೇಳಿದೆ. ಅವರು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು.

ಮಾವ ಹತ್ತು ದಿನಕ್ಕೆ ಮನೆಗೆ ಬಂದರು. ತಿಂಗಳಿಗೊಮ್ಮೆ ಈಗಲೂ ತೋರಿಸಿಕೊಂಡು ಬರುತ್ತಾರೆ. ಯಾರಾದರೂ ‘ಬಿಟ್ರಂತೆ?’ ಎಂದು ಕೇಳಿದರೆ ಹೌದು ಎನ್ನುವುದಿಲ್ಲ. ‘ಇವತ್ತು ಹಾಕಿಲ್ಲ’ ಎನ್ನುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್‌ನವರೂ ಹೀಗೇ ಒಂದೊಂದೇ ದಿನ ಎಣಿಸುತ್ತಾರೆಂದು ನಾನು ಓದಿದ್ದೇನೆ. ಮಾವನಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ.

ನನ್ನದೂ ಕೇಳಿ. ಪರೀಕ್ಷೆಯ ಫಲಿತಾಂಶ ಬಂದ ದಿನ, ಪಟ್ಟಿಯಲ್ಲಿ ಹೆಸರಿಲ್ಲದೆ, ಎರಡು ಸಿಗರೇಟು ಸೇದಿದೆ. ಮರುದಿನ ಪ್ಯಾಕಿನ ಮೇಲೇ ಅಚ್ಚಾಗಿರುವ 1800-11-2356ಕ್ಕೆ ಫೋನ್ ಮಾಡಿದೆ. ಅಲ್ಲಿಯವರೆಗೆ ಆ ಸಂಖ್ಯೆಯನ್ನು ಓದಿಯೇ ಇರಲಿಲ್ಲ.

ಹೋದ ಹಬ್ಬಕ್ಕೆ ಊರಿಗೆ ಹೋದಾಗ ಮಾವ ಕೇಳಿದರು, ‘ನಿನ್ನ ಕೋಳಿ ಹೇಗಿದೆ?’

‘ಗಾಡಿಯಿಂದ ಒಂದ್ಸಲ ಬಿದ್ದೆ ಮಾವ.’

‘ಅದ್ಯಾವ ಗಾಡಿ ಮತ್ತೆ?’

ನೀರಿನ ಗಾಡಿಯ ಕಥೆ ಹೇಳಿದೆ. ಕೇಳಿಸಿಕೊಂಡು ಜಗಲಿಯ ಮೇಲೆ ಸ್ವಲ್ಪ ಸರಿದು, ಪಕ್ಕದಲ್ಲಿ ನನಗೆ ಜಾಗ ಮಾಡಿಕೊಟ್ಟರು.