ವಿಡಿಯೋ ಆಟಗಳ ಉದ್ಯಮ: ವೃದ್ಧಿಯೂ ಲೋಪವೂ

ಕನ್ನಡದಲ್ಲಿ ‘ಆಟ’ವೆಂಬ ಶಬ್ದಕ್ಕೆ ಕ್ರೀಡೆಯೆಂದೂ ರಂಗಪ್ರಯೋಗವೆಂದೂ ಎರಡರ್ಥಗಳುಂಟು, ಯಕ್ಷಗಾನವನ್ನು ಬಯಲಾಟವೆನ್ನುವುದು ಎರಡನೆಯದಕ್ಕೆ ನಿದರ್ಶನ. ಇಂದು ವಿಡಿಯೋ ಗೇಮ್ ಎಂದು ಪ್ರಸಿದ್ಧವಾಗಿರುವುದಕ್ಕೆ ಈ ಎರಡರ್ಥಗಳೂ ಸಲ್ಲುವುವು. ಅದರಲ್ಲಿ ಜಯಾಪಜಯಗಳುಂಟು, ಹಲವು ಆಟಗಳಲ್ಲಿ ಕಥಾವಸ್ತುವೂ ಪಾತ್ರಗಳೂ ಉಂಟು. ಆದಕಾರಣ ಇದರ ಚರಿತ್ರೆಯು ಸಾಹಿತ್ಯಾಭ್ಯಾಸಿಗಳ ವಿಚಾರಕ್ಕೆ ಹೊರತಾದುದಲ್ಲ.

೧. ವೃದ್ಧಿ ಮತ್ತು ಪತನ

೧೯೭೨ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನೋಲನ್ ಬುಶ್ನೆಲ್, ಟೆಡ್ ಡ್ಯಾಬ್ನಿ ಎಂಬವರು ಅಟಾರಿ ಸಂಸ್ಥೆಯನ್ನು ಸ್ಥಾಪಿಸಿದರು. ಟೇಬಲ್ ಟೆನಿಸ್ಸನ್ನು ಅನುಕರಿಸುವ ‘ಪಾಂಗ್’ ಎಂಬ ಅವರ ಆಟವು ಅದೇ ವರ್ಷ ಹೊರಬಂದಿತು. ಲಾಭವನ್ನು ಕಂಡು ಅನೇಕರು ಈ ವ್ಯಾಪಾರಕ್ಕೆ ಇಳಿದರು. ಗುಣಪರೀಕ್ಷೆಯ ಹೊಣೆಯನ್ನು ಮಾತ್ರ ಯಾರೂ ಹೊರಲಿಲ್ಲ. ಚಲನಚಿತ್ರವೊಂದನ್ನು ಆಧರಿಸಿದ ‘ಇ. ಟಿ.’ ಎಂಬ ಆಟವು ೧೯೮೨ರಲ್ಲಿ ಸುಮಾರು ಐದು ವಾರಗಳಲ್ಲೇ ರಚಿತವಾಯಿತು. ಮರುವರ್ಷ ಅಮೆರಿಕದ ಮಾರುಕಟ್ಟೆಯು ಕುಸಿಯಿತು. ಮಾರಾಟವಾಗದೆ ಉಳಿದ ಸರಕನ್ನು ಅಟಾರಿಯು ನ್ಯೂ ಮೆಕ್ಸಿಕೋ ಪ್ರಾಂತದ ಆಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಿಸಿತು.

ಇದನ್ನು ಪುನರುಜ್ಜೀವನಗೊಳಿಸಿದುದು ಜಪಾನಿನ ನಿಂಟೆಂಡೊ. ೧೮೮೯ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟೆಲೆಗಳಂಥ ಹೂವಿನ ಎಲೆಗಳನ್ನು ತಯಾರಿಸಲು ಹುಟ್ಟಿದ ಈ ಸಂಸ್ಥೆಯು ೧೯೮೫ರಲ್ಲಿ ತನ್ನ ಯಂತ್ರವನ್ನು ಅಮೆರಿಕಕ್ಕೆ ಒಯ್ದಿತು. ತನ್ನ ಅನುಮತಿಯಿಲ್ಲದ ಆಟಗಳನ್ನು ತಡೆಯುವ ಉಪಾಯವನ್ನು ಯಂತ್ರದೊಳಗೇ ಇರಿಸಿತು. ಇದರಿಂದ ಕೊಳ್ಳುವವರ ವಿಶ್ವಾಸವು ಮರಳಿತು.

೨. ಪ್ರಭಾವ

ತೆರೆಯ ಚಿತ್ರವು ಕ್ಷಣಕ್ಷಣಕ್ಕೂ ಬದಲಾಗಬೇಕಾದರೆ ಲಕ್ಷಾಂತರ ಬಿಂದುಗಳಿಗೆ ಒಂದೇ ಬಗೆಯ ಗಣಿತವನ್ನು ಏಕಕಾಲದಲ್ಲಿ ಮಾಡಬೇಕು. ಇದಕ್ಕಾಗಿ ನಿರ್ಮಿತವಾದ ಚಿಪ್ಪುಗಳನ್ನೇ ೨೦೧೨ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ವಿದ್ವಾಂಸರು ಚಿತ್ರಗಳನ್ನು ಗುರುತಿಸುವ ವಿದ್ಯೆಯನ್ನು ಗಣಕಕ್ಕೆ ಕಲಿಸಲು ಬಳಸಿದರು. ಇಂದಿನ ಕೃತಕ ಬುದ್ಧಿಮತ್ತೆಯ ಬೆಳವಣಿಗೆಗೆ ಇದೊಂದು ಮುಖ್ಯ ಕಾರಣ.

ದೋಷವೂ ಇಲ್ಲದಿಲ್ಲ. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕೃತವಾದ ತನ್ನ ರೋಗವರ್ಗೀಕರಣದಲ್ಲಿ ಸೇರಿಸಿತು. ಮನುಸ್ಮೃತಿಯು ನಿರ್ಜೀವ ಸಾಧನಗಳಿಂದಾಡುವ ಪಂದ್ಯವನ್ನು ದ್ಯೂತವೆಂದೂ ಪ್ರಾಣಿಗಳಿಂದಾಡಿಸುವುದನ್ನು ಸಮಾಹ್ವಯವೆಂದೂ ಸಾಧನಭೇದದಿಂದ ವಿಭಾಗಿಸಿತು. ೨೦೨೫ರ ಭಾರತೀಯ ಶಾಸನವಾದರೋ ಪಣವನ್ನೇ ಲಕ್ಷಣವಾಗಿ ಹಿಡಿದು, ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗಳಿಗೆ ಪ್ರೋತ್ಸಾಹವನ್ನು ವಿಧಿಸಿತು. ಆಟಮಾತ್ರವನ್ನು ಜೂಜೆಂದು ನಿಂದಿಸುವುದು ಸಾಧುವಲ್ಲವೆಂಬುದು ಈ ವಿಭಾಗದಿಂದ ಸ್ಪಷ್ಟವಾಗುತ್ತದೆ.

೩. ಲೋಪ

ವಿದ್ವಾಂಸರು ವಿಶೇಷವಾಗಿ ಗಮನಿಸಬೇಕಾದುದು ಮುಂದಿನ ಸಂಗತಿ. ೨೦೧೦ಕ್ಕೆ ಮೊದಲು ಅಮೆರಿಕದಲ್ಲಿ ಪ್ರಕಟವಾದ ಆಟಗಳಲ್ಲಿ ನೂರಕ್ಕೆ ೮೭ರಷ್ಟು ಈಗ ಕ್ರಯಕ್ಕೆ ದೊರೆಯುವುದಿಲ್ಲವೆಂದು ‘ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್’ ೨೦೨೩ರಲ್ಲಿ ಪ್ರಕಟಿಸಿತು. ಓಲೆಗರಿಯು ಮುಕ್ಕಾದರೂ ಉಳಿದ ಭಾಗವನ್ನು ಕಣ್ಣಿದ್ದವನು ಓದಬಲ್ಲನು. ಆಟದ ಗ್ರಂಥವಾದರೋ ತಕ್ಕ ಯಂತ್ರವಿಲ್ಲದೆ ಮೂಕವಾಗುತ್ತದೆ. ಪ್ರತಿ ಮಾಡೋಣವೆಂದರೆ ಹಕ್ಕುದಾರರ ಒಪ್ಪಿಗೆ ಬೇಕು. ಸಂಸ್ಥೆಗಳು ಅಳಿದಲ್ಲಿ ಹಕ್ಕು ಯಾರದೆಂಬುದೇ ಸಂದಿಗ್ಧ. ಆಲಮೊಗಾರ್ಡೊವಿನ ಗುಂಡಿಯನ್ನು ೨೦೧೪ರಲ್ಲಿ ಅಗೆದಾಗ ದೊರೆತ ‘ಇ. ಟಿ.’ಯ ಪ್ರತಿಯೊಂದು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿತು. ಅಂದು ತ್ಯಾಜ್ಯವೆನಿಸಿದುದು ಇಂದು ಸಂಗ್ರಾಹ್ಯವಾಯಿತು.

ಬಯಲಾಟದ ಪ್ರಸಂಗಪ್ರತಿಗಳನ್ನು ಹುಡುಕಿ ಶೋಧಿಸುವ ಶ್ರಮವನ್ನು ಬಲ್ಲ ನಮ್ಮವರಿಗೆ ಇದರ ತಾತ್ಪರ್ಯವನ್ನು ವಿವರಿಸಬೇಕಾಗಿಲ್ಲ. ಗುಣದೋಷಗಳ ವಿಮರ್ಶೆಯು ಸಾವಕಾಶವಾಗಿ ನಡೆಯಬಹುದು, ಸಂಗ್ರಹವು ಕಾಯಲಾರದು. ಆದುದರಿಂದ ಕನ್ನಡದಲ್ಲಿ ರಚಿತವಾದ, ರಚಿತವಾಗಲಿರುವ ಇಂಥ ಆಟಗಳ ಪ್ರತಿಗಳನ್ನೂ ಅವುಗಳ ಯಂತ್ರಗಳನ್ನೂ ಗ್ರಂಥಭಂಡಾರಗಳು ಈಗಿನಿಂದಲೇ ಕೂಡಿಡುವುದು ಯುಕ್ತವೆಂದು ವಿದ್ವಾಂಸರಲ್ಲಿ ವಿಜ್ಞಾಪಿಸುತ್ತೇನೆ.