ಪರ್ವತೋತ್ಪತ್ತಿ: ಶಿಲೆಯ ಮಡಿಕೆಯೂ ಬಿರುಕೂ

ಬೆಟ್ಟಕ್ಕೆ ‘ಅಚಲ’, ‘ನಗ’ ಎಂಬ ಹೆಸರುಗಳುಂಟು. ಚಲಿಸದಿರುವುದೇ ಅದರ ಲಕ್ಷಣವೆಂದು ಈ ಶಬ್ದಗಳ ಅಭಿಪ್ರಾಯ. ಭೂಗರ್ಭಶಾಸ್ತ್ರದ ನಿರ್ಣಯವು ಇದಕ್ಕೆ ವಿರುದ್ಧವಾದುದು. ಭೂಮಿಯ ಹೊರಪದರವು ಚಲಿಸುವುದೆಂಬುದಕ್ಕೆ ಪರ್ವತಗಳೇ ಪ್ರಬಲವಾದ ಸಾಕ್ಷಿಗಳು. ಆದರೆ ಸುತ್ತಿಗೆಯ ಪೆಟ್ಟಿಗೆ ಒಡೆಯುವ ಕಲ್ಲು ಬಟ್ಟೆಯಂತೆ ಮಡಿಕೆಗೊಂಡು ಬೆಟ್ಟವಾಗುವುದೆಂತು?

ಒತ್ತಡಕ್ಕೆ ಸಿಕ್ಕಿದ ಶಿಲೆಯು ಮೂರು ಬಗೆಯಾಗಿ ವರ್ತಿಸುವುದು. ಒತ್ತಡವು ಅಲ್ಪವಾಗಿದ್ದರೆ ಅದು ಬಿಲ್ಲಿನಂತೆ ತುಸು ಬಾಗಿ, ಒತ್ತಡವು ತೊಲಗಿದೊಡನೆ ಮೊದಲಿನ ಆಕಾರವನ್ನು ತಾಳುವುದು. ಒತ್ತಡವು ಮಿತಿಮೀರಿದಲ್ಲಿ ಶಿಲೆಯು ಒಡೆಯುವುದು; ಇಲ್ಲವೆ ಒಡೆಯದೆಯೇ ಶಾಶ್ವತವಾಗಿ ರೂಪಾಂತರವನ್ನು ಹೊಂದುವುದು. ಇವೆರಡರಲ್ಲಿ ಯಾವುದು ಸಂಭವಿಸುವುದೆಂಬುದು ಶಿಲೆಯ ಜಾತಿ, ಅದಿರುವ ಆಳ, ಅಲ್ಲಿಯ ಉಷ್ಣತೆ ಮತ್ತು ಒತ್ತಡವು ನಡೆಯುವ ಕಾಲ, ಇವುಗಳನ್ನು ಅವಲಂಬಿಸಿದೆ. ಅರಗಿನ ಕಡ್ಡಿಯನ್ನು ಥಟ್ಟನೆ ಬಗ್ಗಿಸಿದರೆ ಮುರಿಯುವುದು; ಎರಡು ತುದಿಗಳಿಗೂ ಆಧಾರವನ್ನಿಟ್ಟು ಬಹುದಿನ ಬಿಟ್ಟರೆ ತನ್ನ ಭಾರದಿಂದಲೇ ಬಾಗುವುದು.

ಸ್ಕಾಟ್ಲೆಂಡಿನ ಸರ್ ಜೇಮ್ಸ್ ಹಾಲನು ತನ್ನ ನಾಡಿನ ಕಡಲತೀರದ ಬಂಡೆಗಳಲ್ಲಿ ಅಲೆಯಲೆಯಾದ ಪದರಗಳನ್ನು ಕಂಡನು. ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಭಾರವನ್ನಿಟ್ಟು, ಪಕ್ಕಗಳಿಂದ ಒತ್ತಿ, ಅಂತಹವೇ ಮಡಿಕೆಗಳನ್ನು ಉಂಟುಮಾಡಿದನು. ಈ ಪ್ರಯೋಗವು 1815ರಲ್ಲಿ ಪ್ರಕಟವಾಯಿತು. ಆದರೆ ಬಟ್ಟೆ ಕಲ್ಲಲ್ಲವಷ್ಟೆ! ಆ ಸಂದೇಹಕ್ಕೆ 1901ರಲ್ಲಿ ಆಡಮ್ಸ್ ಮತ್ತು ನಿಕೊಲ್ಸನ್ ಎಂಬ ವಿದ್ವಾಂಸರು ಪ್ರಕಟಿಸಿದ ಪ್ರಯೋಗಗಳು ಉತ್ತರವಿತ್ತವು. ಕಬ್ಬಿಣದ ಕೊಳವೆಯಲ್ಲಿ ಬಿಗಿಯಾಗಿ ಸೇರಿಸಿದ ಅಮೃತಶಿಲೆಯನ್ನು ಅವರು ಮೆಲ್ಲಮೆಲ್ಲನೆ ಅದುಮಲು, ಅದು ಚೂರಾಗದೆ ಗಿಡ್ಡವಾಗಿ ನಡುವೆ ಉಬ್ಬಿತು. ಸುತ್ತಲೂ ಬಿಗಿತವಿದ್ದರೆ ಕಲ್ಲೂ ಹರಿಯಬಲ್ಲುದೆಂದು ಇದರಿಂದ ಸಿದ್ಧವಾಯಿತು. ಭೂಮಿಯ ಆಳದಲ್ಲಿ ಮೇಲಿನ ಶಿಲಾಭಾರವೇ ಆ ಕೊಳವೆಯ ಸ್ಥಾನದಲ್ಲಿರುವುದು. ಅಲ್ಲಿಯ ಉಷ್ಣವೂ ಇದಕ್ಕೆ ನೆರವಾಗುವುದು.

ಹಿಮಾಲಯದಲ್ಲಿ ಮಡಿಕೆ ಬಿರುಕುಗಳೆರಡನ್ನೂ ಒಟ್ಟಿಗೆ ಕಾಣಬಹುದು. ಸುಮಾರು 5 ಕೋಟಿ ವರ್ಷಗಳ ಹಿಂದೆ ಉತ್ತರಾಭಿಮುಖವಾಗಿ ಸಾಗುತ್ತಿದ್ದ ಭಾರತದ ನೆಲವು ಏಷ್ಯದ ನೆಲವನ್ನು ಸಂಘಟ್ಟಿಸಿತು. ನಡುವಣ ಟೆಥಿಸ್ ಸಮುದ್ರದ ಪದರಗಳು ಸುಕ್ಕುಗಟ್ಟಿ ಮಡಿಸಿದುವು. ಓರೆಯಾದ ಮಹಾಬಿರುಕುಗಳ ಮೇಲೆ ಒಂದು ಶಿಲಾಖಂಡವು ಇನ್ನೊಂದನ್ನು ಏರಿತು. 8,848.86 ಮೀಟರು ಎತ್ತರದ ಎವರೆಸ್ಟಿನ ತುದಿಯ ಸುಣ್ಣಕಲ್ಲಿನಲ್ಲಿ ಕಡಲಜೀವಿಗಳ ಅವಶೇಷಗಳಿರುವುದು ಈ ಕಾರಣದಿಂದಲೇ.

ಆ ಸಂಘಟ್ಟನೆಯು ಇನ್ನೂ ನಿಂತಿಲ್ಲ. ನೇಪಾಳದ ಹಿಮಾಲಯದಲ್ಲಿ ನೆಲವು ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ಇಕ್ಕಟ್ಟಾಗುತ್ತಿದೆ. ಅಡಿಯ ಮಹಾಬಿರುಕಿನ ಆಳದ ಭಾಗದಲ್ಲಿ ಬಿಸಿಯಾದ ಶಿಲೆಯು ಮೆಲ್ಲನೆ ಜರುಗುವುದು. ಮೇಲಿನ ತಣ್ಣನೆಯ ಭಾಗವಾದರೋ ಘರ್ಷಣೆಯಿಂದ ಕಚ್ಚಿಕೊಂಡಿರುವುದು. ಆದುದರಿಂದ ನೆಲವು ಬಗ್ಗಿಸಿದ ಬಿಲ್ಲಿನಂತೆ ಬಲವನ್ನು ಸಂಚಯಿಸುತ್ತ ಹೋಗಿ, ಹಿಡಿತ ತಪ್ಪಿದ ಕ್ಷಣದಲ್ಲಿ ಜಾರುವುದು. ಅದೇ ಭೂಕಂಪ. 2015ರ ಏಪ್ರಿಲ್ 25ರಂದು 7.8 ಪ್ರಮಾಣದ ಕಂಪವು ನೇಪಾಳದಲ್ಲಿ ಸುಮಾರು 9,000 ಜನರನ್ನು ಬಲಿಗೊಂಡಿತು. ಆಗ ಕಾಠ್ಮಂಡುವಿನ ಸುತ್ತಣ ನೆಲವು ಸುಮಾರು 1 ಮೀಟರು ಮೇಲೆದ್ದಿತು. ಉತ್ತರದ ಎತ್ತರದ ಶ್ರೇಣಿಯ ಕೆಲಭಾಗವು ಕುಸಿಯಿತು. ಬೆಟ್ಟವನ್ನು ಕಟ್ಟುವ ಕ್ರಿಯೆಯೂ ಮನೆಗಳನ್ನು ಕೆಡಹುವ ಕ್ರಿಯೆಯೂ ಒಂದೇ. ಆ ತಪ್ಪಲಿನಲ್ಲಿ ವಾಸಿಸುವವರು ಭೂಕಂಪವನ್ನು ಎಂದೋ ಒಮ್ಮೆ ಒದಗುವ ಆಕಸ್ಮಿಕವೆಂದು ಬಗೆಯದೆ, ಆ ನೆಲದ ಸ್ವಭಾವವೆಂದರಿತು ಮನೆಗಳನ್ನು ಕಟ್ಟಬೇಕಾಗಿದೆ.

ಕರ್ಣಾಟಕದಲ್ಲಿಯೂ ಇಂತಹ ಒತ್ತಡಗಳ ಗುರುತುಗಳಿವೆ. ಚಿತ್ರದುರ್ಗವೇ ಮೊದಲಾದ ಕಡೆಗಳ ಧಾರವಾಡ ಶಿಲೆಗಳು 250 ಕೋಟಿ ವರ್ಷಗಳಷ್ಟು ಹಿಂದೆಯೇ ಮಡಿಸಿ, ಓರೆಯಾಗಿ ನಿಂತವು. ಅಂದಿನ ಎತ್ತರಗಳು ಸವೆದುಹೋಗಿವೆ; ಬುಡದ ಮಡಿಕೆಗಳು ಮಾತ್ರ ಉಳಿದಿವೆ.

‘ಪರ್ವತ’ವೆಂಬ ಶಬ್ದದ ಮೂಲವು ‘ಪರ್ವ’, ಎಂದರೆ ಗಂಟು, ಗೆಣ್ಣು. ಮಡಿಕೆಯ ಮೇಲೆ ಮಡಿಕೆಯಾಗಿ, ಬಿರುಕಿನಲ್ಲಿ ಸಂಧಿಸಿ ಬೆಳೆದ ಈ ಶಿಲಾರಾಶಿಗೆ ‘ಅಚಲ’ಕ್ಕಿಂತ ಈ ಹೆಸರೇ ಹೆಚ್ಚು ಅನ್ವರ್ಥವಾದುದು.